ಅಭ್ಯಾಸದಲ್ಲಿ ಜಿಗಿಯುವ ಹುಡುಗಿ ಸ್ಪರ್ಧೆಯ ದಿನ ಏಕೆ ಕುಸಿಯುತ್ತಾಳೆ?

ದೈಹಿಕ ಶಿಕ್ಷಕ, ಹಾವೇರಿ ಜಿಲ್ಲೆ

ನಾನು ಗ್ರಾಮೀಣ ಭಾಗದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೇನೆ. ಒಂಬತ್ತನೆಯ ತರಗತಿಯ ನಮ್ಮ ವಿದ್ಯಾರ್ಥಿನಿಯೊಬ್ಬಳು ಶಾಲೆಯ ಮೈದಾನದಲ್ಲಿ ನಿರಾಯಾಸವಾಗಿ ಜಿಗಿಯುವ ದೂರವನ್ನು ಜಿಲ್ಲಾ ಮಟ್ಟದ ಕ್ರೀಡಾಕೂಟದಲ್ಲಿ ಒಮ್ಮೆಯೂ ಮುಟ್ಟಿಲ್ಲ. ವಲಯ ಮತ್ತು ತಾಲ್ಲೂಕು ಮಟ್ಟದಲ್ಲಿ ಉದ್ದ ಜಿಗಿತದಲ್ಲಿ ಅವಳನ್ನು ಮೀರಿಸುವವರೇ ಇಲ್ಲ. ಜಿಲ್ಲೆಗೆ ಹೋದ ಕೂಡಲೇ ಮೊದಲ ಯತ್ನದಲ್ಲಿ ಕಾಲು ನೆಗೆತದ ಹಲಗೆಯನ್ನು ದಾಟಿ ಫೌಲ್ ಆಗುತ್ತದೆ. ಎರಡನೆಯದರಲ್ಲಿ ಹಲಗೆ ಹತ್ತಿರವಾಗುತ್ತಿದ್ದಂತೆ ಹೆಜ್ಜೆ ಗಿಡ್ಡ ಮಾಡಿಕೊಂಡು ಒಂದು ಅಡಿ ಹಿಂದಿನಿಂದಲೇ ನೆಗೆಯುತ್ತಾಳೆ. ಮೂರನೆಯದರಲ್ಲಿ ಓಡಿ ಬಂದು ಮರಳಿನ ಗುಂಡಿಯ ಅಂಚಿನಲ್ಲಿ ನಿಂತೇಬಿಡುತ್ತಾಳೆ.

"ಅವಳಿಗೆ ಗುಂಡಿಗೆ ಗಟ್ಟಿ ಇಲ್ಲ" ಎಂದು ಜೊತೆಯ ಶಿಕ್ಷಕರು ಕೈಚೆಲ್ಲಿದ್ದಾರೆ. ಈ ಮಾತು ನನಗೆ ಒಪ್ಪಿಗೆಯಾಗಿಲ್ಲ, ಏಕೆಂದರೆ ತಾಲ್ಲೂಕು ಮೈದಾನದಲ್ಲಿ ಮುಂದಿದ್ದ ಹುಡುಗಿಯನ್ನು ಹಿಂದೆ ಹಾಕಿ ಕೊನೆಯ ಯತ್ನದಲ್ಲಿ ಗೆದ್ದವಳೂ ಇವಳೇ. ಮುಂದಿನ ವರ್ಷ ಕ್ರೀಡಾ ವಸತಿ ನಿಲಯದ ಆಯ್ಕೆಗೆ ಅವಳನ್ನು ಕಳಿಸಬೇಕೆಂದಿದ್ದೇನೆ. ಆಯ್ಕೆಯಾದರೆ ಊಟ, ವಸತಿ, ಓದು ಮೂರಕ್ಕೂ ದಾರಿಯಾಗುತ್ತದೆ, ಆಗದಿದ್ದರೆ ಹತ್ತನೆಯ ತರಗತಿಯ ನಂತರ ಮನೆಯವರು ಓದಿಸುವುದು ಅನುಮಾನ. ಅದು ಅವಳಿಗೂ ಚೆನ್ನಾಗಿ ಗೊತ್ತಿದೆ. ಈ ಕುಸಿತ ಹುಟ್ಟುಗುಣವೇ ಅಥವಾ ತಿದ್ದಬಹುದಾದದ್ದೇ ಎಂಬುದನ್ನು ಅನುಭವವಿದ್ದವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಮಾಜಿ ಜಿಗಿತಗಾರ, ಧಾರವಾಡ

ಮೇಷ್ಟ್ರೇ, ಮೊದಲು ಒಂದು ಪ್ರಶ್ನೆ. ಮೊದಲ ಯತ್ನ ಫೌಲ್ ಆದ ಮೇಲೆ ಆ ಹುಡುಗಿಗೆ ಯಾರು ಏನು ಹೇಳುತ್ತಾರೆ?

ದೈಹಿಕ ಶಿಕ್ಷಕ, ಹಾವೇರಿ ಜಿಲ್ಲೆ

"ಹಲಗೆ ನೋಡಿಕೊಂಡು ಕಾಲಿಡು, ಇನ್ನೊಂದು ಫೌಲ್ ಆದರೆ ಮುಗಿಯಿತು" ಎಂದು ಜೊತೆಗೆ ಬಂದವರೆಲ್ಲ ಹೇಳುತ್ತಾರೆ.

ಮಾಜಿ ಜಿಗಿತಗಾರ, ಧಾರವಾಡ

ಹಾಗಾದರೆ ಕುಸಿತದ ಅರ್ಧ ಕಾರಣ ಆ ಮಾತಿನಲ್ಲೇ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಉದ್ದ ಜಿಗಿತದ ಓಟವನ್ನು ನಾವು ಅಳತೆ ಹಾಕಿ ಕಲಿಸುತ್ತೇವೆ, ಹಾಗಾಗಿ ಪ್ರತಿ ಸಲವೂ ಹೆಜ್ಜೆಗಳು ಒಂದೇ ಜಾಗದಲ್ಲಿ ಬೀಳುತ್ತವೆ ಎಂದು ಭಾವಿಸುತ್ತೇವೆ. ಆದರೆ ಡೇವಿಡ್ ಲೀ ಮತ್ತು ಅವರ ಸಂಗಡಿಗರು 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಬೇರೆ. ನುರಿತ ಜಿಗಿತಗಾರ್ತಿಯರಲ್ಲಿಯೂ ಓಟ ಮುಂದುವರಿದಂತೆ ಹೆಜ್ಜೆಗಳ ಸಣ್ಣ ಸಣ್ಣ ವ್ಯತ್ಯಾಸಗಳು ಒಂದಕ್ಕೊಂದು ಕೂಡಿಕೊಳ್ಳುತ್ತ ಹೋಗುತ್ತವೆ. ಕೊನೆಯ ಕೆಲವೇ ಹೆಜ್ಜೆಗಳಲ್ಲಿ ಕಣ್ಣಿನ ಅಂದಾಜಿನ ಮೇಲೆ ಕಾಲುಗಳು ಆ ವ್ಯತ್ಯಾಸವನ್ನು ತಾವಾಗಿಯೇ ಸರಿಮಾಡಿಕೊಂಡು ಹಲಗೆಯನ್ನು ಹಿಡಿಯುತ್ತವೆ. ಜಿಗಿತಗಾರ್ತಿ ಕೂತು ಲೆಕ್ಕ ಹಾಕಿ ಮಾಡುವ ಕೆಲಸ ಇದಲ್ಲ. ಆ ಕೊನೆಯ ಹೆಜ್ಜೆಗಳನ್ನೇ ಉದ್ದೇಶಪೂರ್ವಕವಾಗಿ ಗಮನಿಸಲು ಹೇಳಿದರೆ ಕತ್ತು ಬಗ್ಗುತ್ತದೆ, ವೇಗ ತಗ್ಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ನೀವು ಬರೆದಂತೆ ಅಡಿ ಹಿಂದಿನಿಂದ ನೆಗೆತ ಬೀಳುತ್ತದೆ. ನಿಮ್ಮ ಹುಡುಗಿಯ ಎರಡನೆಯ ಯತ್ನ ಹೇಡಿತನದ ಗುರುತಲ್ಲ. ಆಕೆ ಹಿರಿಯರ ಮಾತನ್ನು ಅಕ್ಷರಶಃ ಪಾಲಿಸಿದ್ದಾಳೆ.

ಕ್ರೀಡಾ ಮನೋವಿಜ್ಞಾನ ವಿದ್ಯಾರ್ಥಿನಿ, ಮೈಸೂರು

ಧಾರವಾಡದ ಹಿರಿಯರು ಹೇಳಿದ್ದಕ್ಕೆ ಆಧಾರವಾಗುವ ಇನ್ನೊಂದು ಪ್ರಯೋಗವಿದೆ. ರಿಚ್ ಮಾಸ್ಟರ್ಸ್ ಎಂಬ ಸಂಶೋಧಕರು 1992ರಲ್ಲಿ ಗಾಲ್ಫ್ ಆಡಿ ಅಭ್ಯಾಸವಿಲ್ಲದವರಿಗೆ ಚೆಂಡನ್ನು ಕುಳಿಗೆ ಉರುಳಿಸುವುದನ್ನು ಕಲಿಸಿದರು. ಒಂದು ಗುಂಪಿಗೆ ಕೈ ಹೀಗಿರಲಿ, ಭುಜ ಹಾಗಿರಲಿ ಎಂದು ಬಿಡಿಬಿಡಿಯಾಗಿ ಸೂಚನೆ ಕೊಟ್ಟರು. ಇನ್ನೊಂದು ಗುಂಪಿಗೆ ಸೂಚನೆ ಕೊಡದೆ, ಬಾಯಲ್ಲಿ ಮನಬಂದ ಅಕ್ಷರಗಳನ್ನು ಹೇಳಿಸುತ್ತ ಆಡಿಸಿದರು, ಅಂದರೆ ಅವರು ತಮ್ಮ ಚಲನೆಯ ಬಗ್ಗೆ ಯೋಚಿಸುವುದಕ್ಕೇ ಬಿಡುವಿರಲಿಲ್ಲ. ಕೊನೆಗೆ ಎಲ್ಲರ ಮೇಲೂ ಒತ್ತಡ ಹೇರಿದಾಗ ಸೂಚನೆಗಳನ್ನು ಬಾಯಿಪಾಠ ಮಾಡಿಕೊಂಡಿದ್ದವರ ಪ್ರಗತಿ ನಿಂತಿತು, ಸೂಚನೆಯಿಲ್ಲದೆ ಕಲಿತವರು ಸುಧಾರಿಸುತ್ತಲೇ ಹೋದರು. ಆತಂಕವಾದಾಗ ಮನುಷ್ಯ ತನಗೆ ಕೈವಶವಾದ ಕೆಲಸವನ್ನು ಮತ್ತೆ ಬಿಡಿಸಿ ನೋಡಲು ಹೊರಡುತ್ತಾನೆ ಎಂಬುದು ಮಾಸ್ಟರ್ಸ್ ಅವರ ವಿವರಣೆ. ಬಿಡಿಸಿ ನೋಡಲು ಹೆಚ್ಚು ಸೂಚನೆಗಳಿದ್ದವನೇ ಹೆಚ್ಚು ತೊಡಕಿಗೆ ಸಿಕ್ಕುತ್ತಾನೆ.

ಆದ್ದರಿಂದ ಯತ್ನಗಳ ನಡುವೆ ಹೇಳುವ ಮಾತು ಒಂದೇ ಇರಲಿ, ಅದು ಕಾಲಿನ ಬಗ್ಗೆ ಇಲ್ಲದಿರಲಿ. ಗುಂಡಿಯ ಆಚೆ ಕಣ್ಣೆತ್ತರದಲ್ಲಿರುವ ಯಾವುದಾದರೂ ವಸ್ತುವನ್ನು ನೋಡುತ್ತ ಓಡಲು ಹೇಳಬಹುದು, ಅಥವಾ ಓಟದ ಲಯವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಲು ಕಲಿಸಬಹುದು. ಫೌಲ್ ಆದದ್ದಕ್ಕೆ ಪರಿಹಾರ ಬೇಕಿದ್ದರೆ ಆರಂಭದ ಗುರುತನ್ನು ನೀವೇ ಹಿಂದಕ್ಕೆ ಸರಿಸಿ, ಅವಳು ಎಂದಿನಂತೆ ಓಡಲಿ.

ಇನ್ನೊಂದು ವಿಷಯ. ಒತ್ತಡ ಮತ್ತು ಸಾಧನೆಯ ಸಂಬಂಧಕ್ಕೆ ತಲೆಕೆಳಗಾದ ಬಟ್ಟಲಿನ ಚಿತ್ರ ಬರೆದು, ಒತ್ತಡ ಇಷ್ಟಿದ್ದರೆ ಒಳ್ಳೆಯದು, ಮೀರಿದರೆ ಕೆಟ್ಟದ್ದು ಎಂದು ತರಬೇತಿ ಶಿಬಿರಗಳಲ್ಲಿ ಪಾಠ ಮಾಡುವುದುಂಟು. ಅದರ ಮೂಲ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಸಂಶೋಧಕರು 1908ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗ: ಬಿಳಿ ಮತ್ತು ಕಪ್ಪು ಪೆಟ್ಟಿಗೆಗಳಲ್ಲಿ ಸರಿಯಾದುದನ್ನು ಆರಿಸದಿದ್ದರೆ ಇಲಿಗೆ ವಿದ್ಯುತ್ ಆಘಾತ ಕೊಡುತ್ತಿದ್ದರು. ಅದರಿಂದ ಕ್ರೀಡಾಪಟುವಿಗೆ ಬೇಕಾದ ಒತ್ತಡದ ಪ್ರಮಾಣವನ್ನು ಅಳೆದು ಹೇಳುವುದು ಸಾಧ್ಯವಿಲ್ಲ. ಎದೆ ಡವಗುಟ್ಟುವುದನ್ನು ಒಬ್ಬಳು "ಮೈ ಸಜ್ಜಾಗುತ್ತಿದೆ" ಎಂದು ಓದಿಕೊಳ್ಳುತ್ತಾಳೆ, ಇನ್ನೊಬ್ಬಳು "ನನ್ನಿಂದ ಆಗುವುದಿಲ್ಲ" ಎಂದು ಓದಿಕೊಳ್ಳುತ್ತಾಳೆ. ಆ ಓದಿನ ಮೇಲೆ ಬಹಳಷ್ಟು ನಿಂತಿದೆ.

ಹಾಕಿ ತರಬೇತುದಾರ, ಕೊಡಗು

ಎಲ್ಲರ ಮಾತನ್ನೂ ಗೌರವದಿಂದ ಓದಿದೆ, ಆದರೂ ನನ್ನ ತಕರಾರಿದೆ. ಈಚೆಗೆ ಮಕ್ಕಳ ಮನಸ್ಸಿನ ಹೆಸರಿನಲ್ಲಿ ಒತ್ತಡವನ್ನೇ ತೆಗೆದುಹಾಕುವ ಮಾತು ಹೆಚ್ಚಾಗಿದೆ. ಒತ್ತಡವಿಲ್ಲದ ಪಂದ್ಯವೆಂಬುದು ಇಲ್ಲ. ನಮ್ಮಲ್ಲಿ 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟುಂಬ ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವದಲ್ಲಿ ಚಿಕ್ಕ ಹುಡುಗರು ತಮ್ಮ ದೊಡ್ಡಪ್ಪ, ಅತ್ತಿಗೆಯರ ಜೊತೆ ಇಡೀ ಊರಿನ ಎದುರು ಆಡುತ್ತಾರೆ. ಮನೆತನದ ಹೆಸರು ಹೊತ್ತು ಆಡುವುದಕ್ಕಿಂತ ದೊಡ್ಡ ಒತ್ತಡ ಯಾವುದಿದೆ?

ಪಂದ್ಯ ಸಮವಾದಾಗ ಗೆಲುವನ್ನು ನಿರ್ಧರಿಸುವ ಹಾಕಿಯ ಶೂಟೌಟ್ ನೋಡಿ. 23 ಮೀಟರ್ ಗೆರೆಯಿಂದ ಹೊರಟು ಎಂಟು ಸೆಕೆಂಡಿನೊಳಗೆ ಗೋಲು ಹೊಡೆಯಬೇಕು. ನಾನು ಇದನ್ನು ಅಭ್ಯಾಸದ ಆರಂಭದಲ್ಲಿ, ಮೈ ಹಗುರವಾಗಿರುವಾಗ ಆಡಿಸುವುದೇ ಇಲ್ಲ. ಓಡಿ ಓಡಿ ಸುಸ್ತಾದ ಮೇಲೆ, ಉಳಿದವರೆಲ್ಲ ಗೆರೆಯ ಪಕ್ಕ ನಿಂತು ಕೂಗುತ್ತಿರುವಾಗ, ಒಬ್ಬೊಬ್ಬರಿಗೆ ಒಂದೇ ಅವಕಾಶ ಕೊಟ್ಟು ಆಡಿಸುತ್ತೇನೆ. 2024ರ ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಬ್ರಿಟನ್ ವಿರುದ್ಧ ನಮ್ಮ ತಂಡದ ಅಮಿತ್ ರೋಹಿದಾಸ್‌ಗೆ 17ನೆಯ ನಿಮಿಷದಲ್ಲೇ ರೆಡ್ ಕಾರ್ಡ್ ಬಿತ್ತು. ಉಳಿದ ಪಂದ್ಯವನ್ನೆಲ್ಲ ನಮ್ಮವರು ಹತ್ತೇ ಮಂದಿ ಆಡಿ 1-1ರಲ್ಲಿ ಹಿಡಿದು ನಿಲ್ಲಿಸಿ, ಶೂಟೌಟ್‌ನಲ್ಲಿ 4-2ರಿಂದ ಗೆದ್ದರು. ಒತ್ತಡವನ್ನು ಮೊದಲೇ ಅರಗಿಸಿಕೊಂಡಿರದ ತಂಡಕ್ಕೆ ಅದು ಸಾಧ್ಯವಿರಲಿಲ್ಲ. ಇದರ ಎದುರು ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಂಡದ ಫೈನಲ್ ಮಧ್ಯದಲ್ಲಿ ಹಿಂದೆ ಸರಿದದ್ದನ್ನು ಜಗತ್ತೆಲ್ಲ ಹೊಗಳಿದ್ದು ನನಗೆ ಸರಿಕಾಣಲಿಲ್ಲ.

ಕ್ರೀಡಾ ಮನೋವಿಜ್ಞಾನ ವಿದ್ಯಾರ್ಥಿನಿ, ಮೈಸೂರು

ಸರ್, ಒತ್ತಡವನ್ನು ಅಭ್ಯಾಸದಲ್ಲಿಯೇ ತರಬೇಕೆಂಬ ನಿಮ್ಮ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ನೀವು ಹೇಳಿದ ಆ ಭಾರತ ತಂಡದ ಜೊತೆ 2023ರಿಂದ ಮಾನಸಿಕ ಸಿದ್ಧತೆಯ ತರಬೇತುದಾರರಾಗಿ ಪ್ಯಾಡಿ ಅಪ್ಟನ್ ಕೆಲಸ ಮಾಡಿದ್ದರು. 2011ರ ವಿಶ್ವಕಪ್ ಗೆದ್ದ ಕ್ರಿಕೆಟ್ ತಂಡದ ಜೊತೆಗೂ ಇದ್ದವರು ಅವರೇ. ಅಂದರೆ ಆ ಸ್ಥೈರ್ಯದ ಹಿಂದೆಯೂ ಮನಸ್ಸಿನ ತರಬೇತಿಗೆಂದೇ ನೇಮಕವಾದ ಒಬ್ಬರಿದ್ದರು.

ಬೈಲ್ಸ್ ವಿಚಾರದಲ್ಲಿ ಮಾತ್ರ ನಡೆದದ್ದನ್ನು ಸ್ವಲ್ಪ ವಿವರವಾಗಿ ನೋಡಬೇಕೆಂದು ವಿನಂತಿಸುತ್ತೇನೆ. 2021ರ ಜುಲೈ 27ರಂದು ಆಕೆ, ಓಡಿ ಬಂದು ಮೇಜಿನಂಥ ಸಾಧನಕ್ಕೆ ಕೈಯೂರಿ ನೆಗೆಯುವ ವಾಲ್ಟ್‌ನಲ್ಲಿ ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಬೇಕಿತ್ತು, ಒಂದೂವರೆ ಸುತ್ತಿಗೇ ನಿಂತು ಹೇಗೋ ಇಳಿದರು. ನೆಲ ಯಾವ ಕಡೆ ಇದೆ, ತಾನು ಎಷ್ಟು ಸುತ್ತಿದ್ದೇನೆ ಎಂಬ ಅರಿವೇ ಗಾಳಿಯಲ್ಲಿ ತಪ್ಪಿಹೋಗುವ ಈ ಸ್ಥಿತಿ ಜಿಮ್ನಾಸ್ಟ್‌ಗಳಿಗೆ ಚಿರಪರಿಚಿತ. ಹಾಕಿಯಲ್ಲಿ ಮನಸ್ಸು ಕೈಕೊಟ್ಟರೆ ಗೋಲು ತಪ್ಪುತ್ತದೆ, ಅಲ್ಲಿ ಕುತ್ತಿಗೆ ಮುರಿಯುತ್ತದೆ. ಒಂದು ವಾರದ ನಂತರ ಆಗಸ್ಟ್ 3ರಂದು, ಅಂಥ ತಿರುವುಗಳನ್ನು ಕೈಬಿಟ್ಟು, ಆಕೆ ಕಿರಿದಾದ ತೊಲೆಯಾದ ಬೀಮ್ ಮೇಲೆ ಸ್ಪರ್ಧಿಸಿ ಕಂಚು ಗೆದ್ದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು. ಅಂದು ಹಟಕ್ಕೆ ಬಿದ್ದು ಮುಂದುವರಿದಿದ್ದರೆ ಪ್ಯಾರಿಸ್‌ಗೆ ಬರುತ್ತಿದ್ದರೇ ಎಂಬುದನ್ನು ತಾವೇ ಯೋಚಿಸಬೇಕು.

ಇನ್ನು ಮನೆತನದ ಹಾಕಿ. ಅಲ್ಲಿ ಸೋತ ಹುಡುಗನನ್ನು ಅದೇ ದೊಡ್ಡಪ್ಪ ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡುತ್ತಾರೆ. ಸೋತರೂ ತನ್ನ ಜಾಗ ಕಳೆದುಹೋಗುವುದಿಲ್ಲ ಎಂಬ ಭರವಸೆಯಿರುವ ಒತ್ತಡ ಅದು. ಹಾವೇರಿಯ ಹುಡುಗಿ ಹೊತ್ತಿರುವುದು ಸೋತರೆ ಓದೇ ನಿಲ್ಲಬಹುದೆಂಬ ಒತ್ತಡ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಾರದು.

ಹಾಕಿ ತರಬೇತುದಾರ, ಕೊಡಗು

ಕೊನೆಯ ಮಾತು ಯೋಚಿಸಬೇಕಾದದ್ದೇ. ಆದರೂ ಆಯ್ಕೆಯೆಂದರೆ ಆಯ್ಕೆಯೇ ಅಲ್ಲವೇ. ಅಲ್ಲಿ ಪಣವಿರುವುದನ್ನು ಯಾರೂ ತಪ್ಪಿಸಲಾಗದು. ಅದನ್ನು ಹುಡುಗಿಯಿಂದ ಮುಚ್ಚಿಡುವುದೂ ಸರಿಯಲ್ಲ.

ಬ್ಯಾಡ್ಮಿಂಟನ್ ಆಟಗಾರ್ತಿಯ ತಾಯಿ, ಬೆಂಗಳೂರು

ಮುಚ್ಚಿಡುವುದು ಬೇಡ ಸರ್, ಆದರೆ ಅದನ್ನೇ ದಿನವೂ ನೆನಪಿಸುವ ಅಗತ್ಯವೂ ಇಲ್ಲ. ನನ್ನ ಮಗಳು ಹದಿಮೂರು ವರ್ಷದೊಳಗಿನವರ ವಿಭಾಗದಲ್ಲಿ ಆಡುತ್ತಾಳೆ. ಟೂರ್ನಿಗಳಲ್ಲಿ ಗ್ಯಾಲರಿಯಲ್ಲಿ ಕೂತು ನಾನು ಹೆಚ್ಚು ಗಮನಿಸಿರುವುದು ಷಟಲ್ ಅಲ್ಲ, ಮಕ್ಕಳ ಕತ್ತು. ಕೆಲವು ಮಕ್ಕಳು ಪಾಯಿಂಟ್ ಕಳೆದುಕೊಂಡ ಕೂಡಲೇ ನೆಟ್ಟಗೆ ಗ್ಯಾಲರಿಯತ್ತ ತಿರುಗಿ ಅಪ್ಪನ ಮುಖ ನೋಡುತ್ತಾರೆ. ಅಪ್ಪ ಹಣೆ ಒತ್ತಿಕೊಂಡಿರುತ್ತಾರೆ, ಅಥವಾ ಕೈಯಲ್ಲೇ ಹೊಡೆತ ತೋರಿಸುತ್ತಿರುತ್ತಾರೆ. ಮುಂದಿನ ಸರ್ವ್ ಬರುವಷ್ಟರಲ್ಲಿ ಆ ಮಗುವಿನ ತಲೆಯಲ್ಲಿ ಎದುರಾಳಿ ಇರುವುದಿಲ್ಲ, ಅಪ್ಪನ ಮುಖವಿರುತ್ತದೆ. 18-18 ಇದ್ದ ಗೇಮ್ 21-18 ಆಗಿ ಮುಗಿಯುವುದನ್ನು ಹೀಗೆ ಎಷ್ಟೋ ಸಲ ಕಂಡಿದ್ದೇನೆ.

ನಮ್ಮ ಮನೆಯಲ್ಲಿ ಒಂದು ನಿಯಮವಿದೆ. ಪಂದ್ಯ ಮುಗಿದು ಮನೆಗೆ ಬರುವ ದಾರಿಯಲ್ಲಿ ಆಟದ ಮಾತನ್ನು ಅವಳಾಗಿ ಎತ್ತಿದರೆ ಮಾತ್ರ ನಾವು ಆಡುತ್ತೇವೆ. ಎತ್ತದಿದ್ದರೆ ಹಸಿವಾಗಿದೆಯೇ ಎಂದಷ್ಟೇ ಕೇಳುತ್ತೇವೆ. ಗೆದ್ದ ದಿನಕ್ಕೂ ಸೋತ ದಿನಕ್ಕೂ ಅದೇ ನಿಯಮ. ಗೆದ್ದಾಗ ಹೋಟೆಲು, ಸೋತಾಗ ಮೌನ ಎಂದಾದರೆ ಮಕ್ಕಳಿಗೆ ಮಾತಿನಲ್ಲಿ ಹೇಳದೆಯೇ ಎಲ್ಲವೂ ಅರ್ಥವಾಗಿಬಿಡುತ್ತದೆ.

ಕ್ರೀಡಾ ನಿಲಯದ ಹಳೆಯ ವಿದ್ಯಾರ್ಥಿ, ಬೆಳಗಾವಿ

ಆಯ್ಕೆಯಾದ ನಂತರದ ಮಾತನ್ನು ಯಾರೂ ಎತ್ತಿಲ್ಲ. ನಾನು ಕ್ರೀಡಾ ನಿಲಯದಲ್ಲಿದ್ದು ಮಧ್ಯಮ ದೂರದ ಓಟಗಾರನಾಗಿದ್ದೆ. ಊರಿನಲ್ಲಿ ನನಗಿಂತ ವೇಗವಾಗಿ ಓಡುವವರಿರಲಿಲ್ಲ, ನಿಲಯಕ್ಕೆ ಬಂದ ಮೊದಲ ವಾರವೇ ನಾನು ಗುಂಪಿನ ಹಿಂದಿನ ಸಾಲಿನವನಾದೆ. ಊರಿನವರು ಫೋನ್ ಮಾಡಿ "ಏನು ಚಾಂಪಿಯನ್" ಎಂದು ಕರೆಯುತ್ತಿದ್ದರು. ಮೊಣಕಾಲು ನೋಯಲು ಆರಂಭಿಸಿದಾಗ ಹೇಳಿದರೆ ಪಟ್ಟಿಯಿಂದ ಹೆಸರು ಹೋಗಬಹುದೆಂದು ಹೇಳದೆಯೇ ಓಡಿದೆ. ನಾನೊಬ್ಬನೇ ಅಲ್ಲ, ನಮ್ಮ ಕೋಣೆಯಲ್ಲಿ ನೋವು ಮುಚ್ಚಿಡುವುದು ಎಲ್ಲರಿಗೂ ರೂಢಿಯಾಗಿತ್ತು. ಕೊನೆಗೆ ಓಟ ನಿಂತಾಗ ನನಗೆ ಕಾಡಿದ್ದು ಮೊಣಕಾಲಿನ ನೋವಲ್ಲ, ಓಟಗಾರನಲ್ಲದ ನಾನು ಯಾರು ಎಂಬ ಪ್ರಶ್ನೆ. ಮೇಷ್ಟ್ರು ಅವಳನ್ನು ಕಳಿಸುವಾಗ ಈ ಎರಡು ವಿಷಯಗಳನ್ನು ಮೊದಲೇ ಹೇಳಿ ಕಳಿಸಬೇಕು: ಅಲ್ಲಿ ಹಿಂದಿನ ಸಾಲಿಗೆ ಬೀಳುವುದು ಸಹಜ, ಮತ್ತು ನೋವನ್ನು ಹೇಳಿಕೊಂಡರೆ ನಿನ್ನ ಪರವಾಗಿ ಮಾತಾಡಲು ನಾನಿದ್ದೇನೆ.

ಮನೋವೈದ್ಯ, ಶಿವಮೊಗ್ಗ

ಬೆಳಗಾವಿಯವರ ಬರಹ ಈ ಚರ್ಚೆಯಲ್ಲೇ ಮುಖ್ಯವಾದದ್ದೆಂದು ನನಗೆ ಅನಿಸುತ್ತದೆ. ಕ್ರೀಡಾಪಟು ಎಂಬ ಗುರುತು ಒಬ್ಬನ ಬದುಕಿನ ಎಷ್ಟು ಭಾಗವನ್ನು ಆವರಿಸಿದೆ ಎಂಬುದನ್ನು ಅಳೆಯುವ ಪ್ರಶ್ನಾವಳಿಯನ್ನು ಬ್ರೂವರ್ ಮತ್ತು ಸಂಗಡಿಗರು 1993ರಲ್ಲೇ ರೂಪಿಸಿದ್ದಾರೆ. ಆ ಗುರುತು ಗಟ್ಟಿಯಾಗಿದ್ದಷ್ಟೂ ಅಭ್ಯಾಸದಲ್ಲಿ ಶ್ರದ್ಧೆ ಹೆಚ್ಚುತ್ತದೆ. ಅದೊಂದೇ ಗುರುತಾಗಿಬಿಟ್ಟರೆ ಗಾಯವಾದಾಗ, ತಂಡದಿಂದ ಬಿಟ್ಟಾಗ, ನಿವೃತ್ತರಾದಾಗ ಆಸರೆಯೇ ಇರುವುದಿಲ್ಲ.

ಗೆದ್ದವರಿಗೆ ಈ ತೊಂದರೆಯಿಲ್ಲ ಎಂದೂ ತಿಳಿಯಬಾರದು. ಶೂಟಿಂಗ್ ಆಟಗಾರ ಅಭಿನವ್ ಬಿಂದ್ರಾ ಅಥೆನ್ಸ್‌ನಲ್ಲಿ 2004ರಲ್ಲಿ ಅರ್ಹತಾ ಸುತ್ತಿನಲ್ಲಿ ಮೂರನೆಯವರಾಗಿದ್ದು ಫೈನಲ್‌ನಲ್ಲಿ ಏಳನೆಯ ಸ್ಥಾನಕ್ಕೆ ಇಳಿದರು. 2008ರ ಬೀಜಿಂಗ್‌ನಲ್ಲಿ ಕೊನೆಯ ಗುಂಡಿಗೆ ಮೊದಲು ಫಿನ್ಲೆಂಡ್‌ನ ಹಾಕ್ಕಿನೆನ್ ಜೊತೆ ಸಮಬಲದಲ್ಲಿದ್ದರು, ಬಿಂದ್ರಾ 10.8 ಹೊಡೆದರು, ಹಾಕ್ಕಿನೆನ್ 9.7 ಹೊಡೆದು ಕಂಚಿಗೆ ಇಳಿದರು. ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ಅದು. ನಾಲ್ಕು ವರ್ಷ ಹಿಂದೆ ಕುಸಿದವರು ಎಲ್ಲಕ್ಕಿಂತ ಬಿಗಿಯಾದ ಗಳಿಗೆಯಲ್ಲಿ ತಮ್ಮ ಉತ್ತಮ ಗುಂಡು ಹೊಡೆದರು ಎಂಬುದೇ ಮೇಷ್ಟ್ರ ಮೊದಲ ಪ್ರಶ್ನೆಗೆ, ಅಂದರೆ ಇದು ಹುಟ್ಟುಗುಣವೇ ಎಂಬುದಕ್ಕೆ ಉತ್ತರ. ಆದರೆ ತಮ್ಮ ಬದುಕಿನ ಅತಿ ದೊಡ್ಡ ಮಾನಸಿಕ ಬಿಕ್ಕಟ್ಟು ಬಂದದ್ದು ಆ ಚಿನ್ನದ ನಂತರ, ಮುಂದೇನು ಎಂಬುದೇ ತಿಳಿಯದಾದಾಗ ಎಂದು ಅವರೇ ಬಹಿರಂಗವಾಗಿ ಹೇಳಿದ್ದಾರೆ. ನಮ್ಮ ಕೊಡಗಿನ ರಾಬಿನ್ ಉತ್ತಪ್ಪ 2009ರಿಂದ 2011ರ ಸುಮಾರಿಗೆ ತಾವು ತೀವ್ರ ಖಿನ್ನತೆಯಲ್ಲಿದ್ದುದನ್ನು 2020ರಲ್ಲಿ ತಾವಾಗಿಯೇ ಹೇಳಿಕೊಂಡರು. ಆತ 2007ರ ಟಿ-20 ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು; ಧೈರ್ಯವಿಲ್ಲದವರೆಂದು ಅವರನ್ನು ಯಾರೂ ಕರೆಯಲಾರರು.

ಹಾವೇರಿಯ ಹುಡುಗಿಗೆ ಕಾಯಿಲೆಯಿದೆ ಎಂದು ನಾನು ಹೇಳುತ್ತಿಲ್ಲ. ನೀವು ವಿವರಿಸಿದ್ದು ಸ್ಪರ್ಧೆಗೆ ಸೀಮಿತವಾದ ಆತಂಕ, ಅದಕ್ಕೆ ಔಷಧಿ ಬೇಕಿಲ್ಲ. ಆದರೆ ಸ್ಪರ್ಧೆಯಿಲ್ಲದ ದಿನಗಳಲ್ಲಿಯೂ, ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಇಷ್ಟಪಡುತ್ತಿದ್ದ ಆಟವೇ ಬೇಡವಾದರೆ, ತಾನು ಯಾರಿಗೂ ಬೇಡದವಳು ಎಂಬ ಮಾತು ಬಂದರೆ ತಡಮಾಡಬೇಡಿ. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಂತುಹೋಗಿರುವುದನ್ನೂ ಹೆಚ್ಚು ಅಭ್ಯಾಸದ ಫಲವೆಂದು ತಳ್ಳಿಹಾಕಬಾರದು. ಮಾಡುವ ಶ್ರಮಕ್ಕೆ ತಕ್ಕ ಆಹಾರ ಸಿಗುತ್ತಿಲ್ಲ ಎಂಬುದರ ಸೂಚನೆ ಅದಾಗಿರಬಹುದು, ವೈದ್ಯರಿಗೆ ತೋರಿಸಬೇಕು. ತಾಲ್ಲೂಕಿನಲ್ಲಿ ಮನೋವೈದ್ಯರಿಲ್ಲದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನವಿದೆ.

ದೈಹಿಕ ಶಿಕ್ಷಕ, ಹಾವೇರಿ ಜಿಲ್ಲೆ

ಎಲ್ಲರಿಗೂ ಕೃತಜ್ಞತೆಗಳು. ಡಾಕ್ಟರು ಹೇಳಿದ ಲಕ್ಷಣಗಳು ಅವಳಲ್ಲಿಲ್ಲ, ಆದರೂ ಗಮನದಲ್ಲಿಟ್ಟುಕೊಳ್ಳುತ್ತೇನೆ. ಈಗ ಇನ್ನೊಂದು ಪ್ರಶ್ನೆ. ಆಯ್ಕೆಯ ದಿನ ನಾನು ಒಳಗೆ ಅವಳ ಪಕ್ಕದಲ್ಲಿರಲು ಬಿಡುವುದಿಲ್ಲ. ಒಬ್ಬಳೇ ಇರುವಾಗ ಯತ್ನಗಳ ನಡುವಿನ ಸಮಯವನ್ನು ಅವಳು ಹೇಗೆ ಕಳೆಯಬೇಕು? ಮತ್ತು ಈಗಿನಿಂದಲೇ ಏನು ಆರಂಭಿಸಬಹುದು?

ಕ್ರೀಡಾ ಮನೋವಿಜ್ಞಾನ ವಿದ್ಯಾರ್ಥಿನಿ, ಮೈಸೂರು

ರಾಹುಲ್ ದ್ರಾವಿಡ್ ಟೆಸ್ಟ್ ಪಂದ್ಯಗಳಲ್ಲಿ ಎದುರಿಸಿದ ಎಸೆತಗಳು 31,258. ಅಷ್ಟಕ್ಕೂ ದಿನವಿಡೀ ಮನಸ್ಸನ್ನು ಒಂದೇ ಸಮನೆ ಬಿಗಿಹಿಡಿಯುವುದು ಮನುಷ್ಯಮಾತ್ರರಿಗೆ ಸಾಧ್ಯವಿಲ್ಲ. ಎಸೆತ ಮುಗಿದ ಮೇಲೆ ಗಮನವನ್ನು ಸಡಿಲ ಬಿಟ್ಟು, ಬೌಲರ್ ಓಟ ಆರಂಭಿಸುವಾಗ ಮತ್ತೆ ಸೇರಿಸಿಕೊಳ್ಳುವುದನ್ನು ದೀರ್ಘಕಾಲ ಆಡುವ ಬ್ಯಾಟರ್‌ಗಳು ರೂಢಿಸಿಕೊಳ್ಳಲೇಬೇಕು. ಜಿಗಿತದಲ್ಲಿಯೂ ಹೀಗೆಯೇ. ಯತ್ನ ಮುಗಿದ ಮೇಲೆ ನೀರು ಕುಡಿದು, ಇತರರ ಅಳತೆ ಕೇಳಿಸದಷ್ಟು ದೂರ ನಡೆದು, ಮರದ ನೆರಳೋ ಬೇಲಿಯೋ ನೋಡುತ್ತಿರಲಿ. ತನ್ನ ಸರದಿಗೆ ಮುಂಚೆ ಮೂವರಿರುವಾಗ ಎದ್ದು ಮೈ ಬೆಚ್ಚಗೆ ಮಾಡಿಕೊಳ್ಳಲಿ. ಗುರುತಿನ ಮೇಲೆ ನಿಂತಾಗ ಒಂದು ದೀರ್ಘ ಉಸಿರು ಹೊರಗೆ ಬಿಟ್ಟು, ಓಟದ ಲಯವನ್ನೊಮ್ಮೆ ನೆನೆದು ಹೊರಡಲಿ. ಈ ಕ್ರಮವನ್ನು ಶಾಲೆಯ ಮೈದಾನದಲ್ಲಿ ಪ್ರತಿ ಜಿಗಿತಕ್ಕೂ ಮಾಡಿಸಿ. ಆಯ್ಕೆಯ ದಿನ ಹೊಸದಾಗಿ ಕಲಿಯಬೇಕಾದದ್ದು ಏನೂ ಇರಬಾರದು. ಕೊಡಗಿನ ಸರ್ ಹೇಳಿದಂತೆ ವಾರಕ್ಕೊಮ್ಮೆ ಶಾಲೆಯ ಮಕ್ಕಳನ್ನೆಲ್ಲ ಸುತ್ತ ನಿಲ್ಲಿಸಿ, ಯತ್ನ ಸರಿಯೋ ಫೌಲೋ ಎಂದು ತೋರಿಸಲು ಅಪರಿಚಿತರೊಬ್ಬರ ಕೈಯಲ್ಲಿ ಬಾವುಟ ಕೊಟ್ಟು, ಮೂರೇ ಯತ್ನಗಳ ಸ್ಪರ್ಧೆ ನಡೆಸಿ.

ಮಾಜಿ ಜಿಗಿತಗಾರ, ಧಾರವಾಡ

ಮನಸ್ಸಿನ ಮಾತು ಇಷ್ಟು ಆದ ಮೇಲೆ ನೆಲದ ಮಾತನ್ನೂ ಹೇಳಬೇಕು. ನಿಮ್ಮ ಶಾಲೆಯಲ್ಲಿ ಮಣ್ಣಿನ ಓಟದ ದಾರಿಯಿದ್ದು, ಅವಳು ಬರಿಗಾಲಿನಲ್ಲಿ ಓಡುತ್ತಿದ್ದರೆ, ಆಯ್ಕೆ ಸಿಂಥೆಟಿಕ್ ಟ್ರ್ಯಾಕ್ ಮೇಲೆ ನಡೆಯುವ ಸಂಭವವಿದೆ. ಅಲ್ಲಿ ನೆಲ ಕಾಲನ್ನು ಮೇಲಕ್ಕೆ ಪುಟಿಸುತ್ತದೆ, ಹೆಜ್ಜೆ ಉದ್ದವಾಗುತ್ತದೆ, ಊರಿನ ಅಳತೆಯಲ್ಲೇ ಓಡಿದರೆ ಮೊದಲ ಯತ್ನ ಹಲಗೆ ದಾಟಿಯೇ ಬೀಳುತ್ತದೆ. ಜಿಲ್ಲಾ ಕೂಟದ ಆ ಮೊದಲ ಫೌಲ್‌ಗೆ ಇದೇ ಕಾರಣವಿರಬಹುದು, ಅದರ ಬೆನ್ನಿಗೆ ಬಂದದ್ದು ಭಯ. ಸಾಧ್ಯವಾದರೆ ಹಿಂದಿನ ದಿನವೇ ಅವಳನ್ನು ಕರೆದುಕೊಂಡು ಹೋಗಿ, ಸ್ಪರ್ಧೆಗೆ ಹಾಕಿಕೊಳ್ಳುವ ಶೂನಲ್ಲೇ ನಾಲ್ಕೈದು ಸಲ ಜಿಗಿಯದೆ ಬರೀ ಓಡಿಸಿ, ಕಾಲು ಎಲ್ಲಿ ಬೀಳುತ್ತದೆಂದು ನೀವು ಹಲಗೆಯ ಪಕ್ಕ ಕೂತು ನೋಡಿ. ಎಷ್ಟು ದಾಟುತ್ತದೆಯೋ ಅಷ್ಟು ಗುರುತನ್ನು ಹಿಂದಕ್ಕೆ ಹಾಕಿ, ಹೊಸ ಅಳತೆಯನ್ನು ಅವಳ ಪಾದದ ಲೆಕ್ಕದಲ್ಲೇ ಬರೆಸಿಕೊಡಿ. ಟೇಪ್ ಸಿಗದಿದ್ದರೂ ಅವಳೇ ಅಳೆದುಕೊಳ್ಳಬಹುದು. ಬೆನ್ನ ಹಿಂದಿನಿಂದ ಗಾಳಿಯಿದ್ದರೆ ಇನ್ನರ್ಧ ಪಾದ ಹಿಂದೆ ಸರಿಯಲು ಹೇಳಿ. ಮೊದಲ ಯತ್ನಕ್ಕೆ ಒಂದು ಪಾದ ಹಿಂದಿನಿಂದಲೇ ಹೊರಟು ಯತ್ನ ಸರಿಯೆಂದು ತೋರಿಸುವ ಬಿಳಿ ಬಾವುಟವೊಂದನ್ನು ಗಳಿಸಿಕೊಳ್ಳಲಿ, ಎರಡನೆಯದಕ್ಕೆ ಗುರುತನ್ನು ಸರಿಯಾದ ಜಾಗಕ್ಕೆ ತಂದುಕೊಂಡು ಪೂರ್ತಿ ವೇಗದಲ್ಲಿ ಓಡಲಿ.